ಗುಂಡಿಮೂಲೆ ಚಡಾವು ಮತ್ತು ಮೂರು ಸಿಲಿಂಡರ್

“ಎಂಜಿನ್ ಎಲ್ಲಿ?” ಎಂದು ಕೇಳಿದ ನಿಯಾಸ್.

ಕಾರಿನ ಬಾನೆಟ್ ತೆರೆದಿತ್ತು. ನಿಯಾಸ್ ಅದರೊಳಗೆ ತಲೆ ಹಾಕಿ ಬಲಕ್ಕೆ ನೋಡಿದ, ಎಡಕ್ಕೆ ನೋಡಿದ, ಕೊನೆಗೆ ಕಾರಿನ ಅಡಿಗೂ ಬಗ್ಗಿ ನೋಡಿದ.

“ನಿನ್ನ ಎದುರೇ ಉಂಟಲ್ಲ ಮಾರಾಯ” ಎಂದ ಸುಜನ್.

“ಇದಾ? ನಾನು ಬ್ಯಾಟರಿ ಅಂತ ಗ್ರಹಿಸಿದೆ.”

ಸುಜನನ ಕಿವಿ ಕೆಂಪಾಯಿತು. ಎಷ್ಟು ಕೆಂಪೆಂದರೆ, ಆ ಹೊತ್ತಿಗೆ ಅವನನ್ನು ಹಳಿಯ ಪಕ್ಕ ನಿಲ್ಲಿಸಿದ್ದರೆ ಮಂಗಳೂರಿಗೆ ಹೋಗುವ ರೈಲು ಅಲ್ಲೇ ನಿಂತುಬಿಡುತ್ತಿತ್ತು.

ಅವನು ಬಿಟ್ಟ ಬೊಗಳೆಯಾದರೂ ಸಣ್ಣದೇ? ಕುಶಲ ಮಾವ ಹೊಸ ಕಾರು ತರುತ್ತಾರೆಂದು ಗೊತ್ತಾದಂದಿನಿಂದ ಐದನೇ ಕ್ಲಾಸಿನಲ್ಲಿ ಬೇರೆ ಯಾರ ಮಾತೂ ನಡೆದಿರಲಿಲ್ಲ. ಆ ಎಂಜಿನ್ ಎತ್ತಲು ಕ್ರೇನ್ ಬೇಕು. ಸ್ಟಾರ್ಟ್ ಮಾಡಿದರೆ ಇಡೀ ಪೈವಳಿಕೆಯ ಮನೆಗಳ ಹಂಚು ಅಲುಗುತ್ತದೆ. ಅದಕ್ಕೆ ಟರ್ಬೊ ಉಂಟು, ಟರ್ಬೊ ಎಂದರೆ ವಿಮಾನದ್ದು. ಈಗ ಬಾನೆಟ್ ಎತ್ತಿದರೆ ಒಳಗೆ ಪ್ರೆಶರ್ ಕುಕ್ಕರಿನಷ್ಟು ದೊಡ್ಡದೊಂದು ವಸ್ತು ಮುದುರಿಕೊಂಡು ಕೂತಿತ್ತು.

“ಎಷ್ಟು ಸಿಲಿಂಡರ್?” ನಿಯಾಸ್ ಬಿಡಲಿಲ್ಲ.

“ಮೂರು.”

“ನಮ್ಮ ಜೀಪಿಗೆ ನಾಲ್ಕು. ಆಟೋ ರಿಕ್ಷಾಕ್ಕೆ ಒಂದು. ಹಾಗಾದ್ರೆ ಇದು ಆಟೋದ ದೊಡ್ಡಪ್ಪನ ಮಗ.”

ಕಾರು ಒರೆಸುತ್ತಿದ್ದ ಕುಶಲ ಮಾವ ನಕ್ಕರು. ಕುಂಬಳೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ ಅವರಿಗೆ ಯಾವುದನ್ನೂ ಬಿಡಿಸಿ ತೋರಿಸದಿದ್ದರೆ ಸಮಾಧಾನವಿಲ್ಲ.

“ಇಲ್ಲಿ ನೋಡು ನಿಯಾಸ್. ಎಂಜಿನಿನಿಂದ ಹೊರಗೆ ಹೋಗುವ ಹೊಗೆ ಒಂದು ಸಣ್ಣ ಫ್ಯಾನನ್ನು ತಿರುಗಿಸ್ತದೆ. ಅದರ ಒಟ್ಟಿಗೆ ತಿರುಗುವ ಇನ್ನೊಂದು ಫ್ಯಾನ್ ಗಾಳಿಯನ್ನು ಒಳಗೆ ತುರುಕ್ತದೆ. ಗಾಳಿ ಹೆಚ್ಚು ಇದ್ರೆ ಅಷ್ಟೇ ಜಾಗದಲ್ಲಿ ಹೆಚ್ಚು ಪೆಟ್ರೋಲ್ ಉರೀತದೆ. ಅದೇ ಟರ್ಬೊ. ನಿಮ್ಮ ಜೀಪಿನಲ್ಲೂ ಉಂಟು. ಆದ್ರೆ ಅದು ಹಳೇ ಕಾಲದ್ದು, ಫ್ಯಾನ್ ಭಾರ. ತಿರುಗ್ಲಿಕ್ಕೆ ಹೊತ್ತು ಬೇಕು. ಇದು ಹಗುರ. ಕಾಲಿಟ್ಟ ಕೂಡ್ಲೇ ತಿರುಗ್ತದೆ. ಎಂಜಿನ್ ಜೀಪಿನ ಅರ್ಧ ಇಲ್ಲ, ಶಕ್ತಿ ಮಾತ್ರ ಜೀಪಿಗಿಂತ ಜಾಸ್ತಿ.”

“ಅದು ಪೇಪರಿನಲ್ಲಿ ಮಾವ” ಎಂದ ನಿಯಾಸ್. “ಗುಂಡಿಮೂಲೆ ಚಡಾವು ಪೇಪರ್ ಓದುದಿಲ್ಲ.”

ಗುಂಡಿಮೂಲೆ ಚಡಾವು ಎಂಬ ಏರುರಸ್ತೆ ನಿಮಗೆ ಗೊತ್ತಿರಲಾರದು. ಅದರ ಬುಡದಲ್ಲಿ ನಿಂತು ತುದಿ ನೋಡಿದವರ ಟೊಪ್ಪಿ ಹಿಂದಕ್ಕೆ ಬೀಳುತ್ತದೆ. ಮೇಲೆ ಉರುಳಿಬಿಟ್ಟ ತೆಂಗಿನಕಾಯಿ ಕೆಳಗೆ ಮುಟ್ಟುವಾಗ ಸುಲಿದು, ಒಡೆದು, ಹೆಚ್ಚುಕಡಿಮೆ ತುರಿದೇ ಆಗಿರುತ್ತದೆ. ಚಡಾವಿನ ಅರ್ಧದಲ್ಲಿ ಒಂದು ತಿರುವು. ತಿರುವಿಗೆ ಬಂದ ಕೂಡಲೇ ಗಾಡಿಯಲ್ಲಿದ್ದವರೆಲ್ಲ ಇಳಿದು ಹಿಂದಿನಿಂದ ನೂಕುವುದು ಊರಿನ ಪದ್ಧತಿ. ಇಳಿಯಿರಿ ಎಂದು ಯಾರೂ ಹೇಳುವುದಿಲ್ಲ. ಮದುಮಗಳೇ ಇಳಿದು, ಸೆರಗು ಸಿಕ್ಕಿಸಿ, ತನ್ನ ದಿಬ್ಬಣದ ವ್ಯಾನನ್ನು ತಾನೇ ನೂಕಿದ್ದುಂಟು. ತಿರುವಿನ ಮನೆಯ ಲೋಲಾಕ್ಷಿ ಅಕ್ಕ, ಗಾಡಿ ಹಿಂದೆ ಜಾರದಿರಲಿ ಎಂದು ಚಕ್ರಕ್ಕೆ ಇಡಲು ಎರಡು ಕೆಂಪುಕಲ್ಲು ಯಾವಾಗಲೂ ಗೇಟಿನ ಹತ್ತಿರ ತಯಾರಿಟ್ಟಿರುತ್ತಾರೆ.

ಸುಜನನ ಅಜ್ಜ ಮಹಾಬಲ ಹಿಂದೆ ಡೀಸೆಲ್ ಕಾರಿನಲ್ಲಿ ಬಾಡಿಗೆ ಓಡಿಸುತ್ತಿದ್ದರು. ಟರ್ಬೊ ಎಂಬ ಮಾತೇ ಇಲ್ಲದ ಕಾಲ. ಬೆಳಿಗ್ಗೆ ಚಡಾವು ಹತ್ತಲು ಹೊರಟ ಆ ಕಾರು ತುದಿ ಮುಟ್ಟುವಾಗ ಅಜ್ಜನ ಗಡ್ಡ ಮತ್ತೆ ಬೆಳೆದಿರುತ್ತಿತ್ತಂತೆ. ಆಮೇಲೆ ಬಂದದ್ದು ನಿಯಾಸನ ಅಪ್ಪ ಕೋಯಾಕನ ಜೀಪು, ಊರಿನ ಮಕ್ಕಳು ದಿನಾ ಶಾಲೆಗೆ ಹೋಗುವ ಜೀಪು. ಅದರ ಆಕ್ಸಿಲರೇಟರ್ ಒತ್ತಿದರೆ ಮೊದಲು ಏನೂ ಆಗುವುದಿಲ್ಲ. ಕೋಯಾಕ ಆರಾಮಾಗಿ ಗಡ್ಡ ನೀವಿಕೊಳ್ಳುತ್ತಾರೆ. ಆಮೇಲೆ ಜೀಪು ಕುಯ್ ಎಂದು ಸಿಳ್ಳೆ ಹಾಕಿ, ನೂಕುವವರ ಮುಖಕ್ಕೆಲ್ಲ ಮಸಿ ಬಳಿದು, ಹೋರಿ ಗುದ್ದಿದ ಹಾಗೆ ಮುಂದಕ್ಕೆ ನೆಗೆಯುತ್ತದೆ.

“ಭಾನುವಾರ ನೋಡುವ” ಎಂದ ನಿಯಾಸ್. “ಕಾರು ಭರ್ತಿ ಜನ. ಡಿಕ್ಕಿಯಲ್ಲಿ ಎರಡು ಗೋಣಿ ತೆಂಗಿನಕಾಯಿ. ಎಸಿ ಕೂಡ ಆಫ್ ಮಾಡ್ಲಿಕ್ಕಿಲ್ಲ. ಹತ್ತದಿದ್ರೆ ಈ ವರ್ಷ ಇಡೀ ನೀನು ದಿನಾ ಬೆಳಿಗ್ಗೆ ನಮ್ಮ ಜೀಪಿಗೆ ಸೆಲ್ಯೂಟ್ ಹೊಡೀಬೇಕು. ಎಲ್ಲರ ಎದುರು.”

“ಹತ್ತಿದ್ರೆ?”

“ನಿಮ್ಮ ಕಾರಿಗೆ ನಾನು ಹೊಡೀತೇನೆ.”

“ಕೈ ತಯಾರು ಮಾಡಿಟ್ಕೊ. ಇದು ಹತ್ತುದಲ್ಲ, ಹಾರುದು” ಎಂದ ಸುಜನ್. ಬಾಯಿ ಅಷ್ಟು ಹೇಳಿತು. ತಲೆ ಮಾತ್ರ ಬೇರೆ ಲೆಕ್ಕ ಹಾಕಿತು. ಜೀಪಿಗೆ ಸೆಲ್ಯೂಟ್ ಹೊಡೆದವನ ಮಾತನ್ನು ಆಮೇಲೆ ಕ್ಲಾಸಿನಲ್ಲಿ ಯಾರು ಕೇಳುತ್ತಾರೆ?

“ಅಜ್ಜ, ಕಾರು ಹತ್ತೀತಾ?” ಎಂದು ಊಟಕ್ಕೆ ಕೂತಾಗ ಮೆಲ್ಲಗೆ ಕೇಳಿದ.

ಅಜ್ಜ ಗಂಜಿಗೆ ಉಪ್ಪಿನಕಾಯಿ ಹಾಕಿಕೊಂಡರು. “ಆ ಚಡಾವಿಗೆ ಎಂಜಿನ್ ಸಾಲುದಿಲ್ಲ ಮಗ. ಜನ ಬೇಕು.”

ಭಾನುವಾರ ಚಡಾವಿನ ತುದಿಯ ಅಂಗಡಿಯ ಮುಂದೆ ಐದನೇ ಕ್ಲಾಸು ಪೂರ್ತಿ ನೆರೆದಿತ್ತು. ಶಾಲೆಯಿರುವ ದಿನವೂ ಅಷ್ಟು ಹಾಜರಿ ಬಿದ್ದದ್ದಿಲ್ಲ.

ಕೆಳಗೆ ಡಿಕ್ಕಿಗೆ ಎರಡು ಗೋಣಿ ತೆಂಗಿನಕಾಯಿ ಬಿತ್ತು, ಕಾರು ಭರ್ತಿಯಾಯಿತು. ಮಾವ ಸ್ಟಿಯರಿಂಗ್ ಹಿಡಿದರು. ಪಕ್ಕದಲ್ಲಿ ಅಜ್ಜ. ಹಿಂದೆ ಒಂದು ಬಾಗಿಲಿಗೆ ಸುಜನ್, ನಡುವೆ ನಿಯಾಸ್, ಇನ್ನೊಂದು ಬಾಗಿಲಿಗೆ ಇಬ್ಬರ ಜಾಗ ಹಿಡಿಯುವ ಕೋಯಾಕ. ಅವರ ಮಡಿಲಿನಲ್ಲಿ ಸುಜನನ ತಂಗಿ ಪೂಜಾಶ್ರೀ. ಇನ್ನೂ ಅಂಗನವಾಡಿಗೆ ಹೋಗುವ ಅವಳಿಗೆ ಚಡಾವಿನ ಪದ್ಧತಿ ಒಂದೂ ಗೊತ್ತಿಲ್ಲ. ಕೈಯಲ್ಲಿ ಬಾಳೆಕಾಯಿ ಚಿಪ್ಸಿನ ಪ್ಯಾಕೆಟ್ ಇತ್ತು, ಅಷ್ಟೇ ಸಾಕಾಗಿತ್ತು.

ಕಾರು ಹೊರಟಿತು. ಸಿಳ್ಳೆಯಿಲ್ಲ, ಹೊಗೆಯಿಲ್ಲ.

“ಶಬ್ದವೇ ಇಲ್ಲ. ಹೋಗ್ತಾ ಉಂಟಾ ಇದು?” ಎಂದು ಕೋಯಾಕ ಕಿಟಕಿಯಿಂದ ಮರಗಳನ್ನು ನೋಡಿ ಖಾತ್ರಿ ಮಾಡಿಕೊಂಡರು.

ತಿರುವು ಬಂತು. ಅದೇ ಹೊತ್ತಿಗೆ ಮೇಲಿನಿಂದ ಒಂದು ಆಟೋ ಇಳಿದು ಬಂತು. ಮಾವ ತಿರುವಿನ ಸ್ವಲ್ಪ ಸಮತಟ್ಟಾದ ಜಾಗದಲ್ಲಿ ಕಾರನ್ನು ಬದಿಗೆ ತೆಗೆದು ಬ್ರೇಕ್ ಒತ್ತಿದರು. ಆಟೋ ದಾಟಿ ಹೋಯಿತು.

ಆಗ ಎಂಜಿನ್ ತಣ್ಣಗೆ ಆಫ್ ಆಯಿತು.

“ಹೋಯ್ತು” ಎಂದರು ಅಜ್ಜ.

ಮೂರು ಬಾಗಿಲುಗಳು ಪಟಪಟನೆ ತೆರೆದವು. ಅಜ್ಜ ಮುಂಡು ಎತ್ತಿ ಕಟ್ಟಿ ಇಳಿದರು. ಕೋಯಾಕ ಪೂಜಾಶ್ರೀಯನ್ನು ಸೀಟಿನಲ್ಲಿ ಕೂರಿಸಿ ಇಳಿದರು. ಲೋಲಾಕ್ಷಿ ಅಕ್ಕ ಎಲ್ಲಿಂದಲೋ ಪ್ರತ್ಯಕ್ಷರಾಗಿ ಹಿಂದಿನ ಚಕ್ರಗಳಿಗೆ ಎರಡೂ ಕಲ್ಲು ಇಟ್ಟರು. ಬಾಗಿಲು ತೆರೆದದ್ದಕ್ಕೂ ಡಿಕ್ಕಿಗೆ ಭುಜ ಕೊಟ್ಟದ್ದಕ್ಕೂ ನಡುವೆ ಒಂದು ಸೊಳ್ಳೆ ರೆಕ್ಕೆ ಬಡಿಯುವಷ್ಟೂ ಹೊತ್ತಿರಲಿಲ್ಲ.

ಮಾವ ಕಿಟಕಿಯಿಂದ ತಲೆ ಹೊರಗೆ ಹಾಕಿದರು. “ಎಂತ, ಎಲ್ಲರೂ ಇಳಿದದ್ದು?”

“ಬಂದ್ ಆಯ್ತಲ್ಲ” ಎಂದರು ಅಜ್ಜ.

“ಅಪ್ಪ, ಅದು ಪೆಟ್ರೋಲ್ ಉಳಿಸ್ಲಿಕ್ಕೆ ತಾನೇ ಆಫ್ ಆಗುದು. ಬ್ರೇಕ್ ಬಿಟ್ರೆ ತಾನೇ ಸ್ಟಾರ್ಟ್ ಆಗ್ತದೆ.”

“ಆಫ್ ಆಗ್ಲಿಕ್ಕೆ ದುಡ್ಡು ಕೊಟ್ಟದ್ದಾ?” ಕೋಯಾಕನಿಗೆ ನಂಬಲಾಗಲಿಲ್ಲ. “ನನ್ನ ಜೀಪು ಫ್ರೀಯಾಗಿ ಆಫ್ ಆಗ್ತದಲ್ಲ ಕುಶಲ.”

ಮಾವನನ್ನು ಬಿಟ್ಟರೆ ಕಾರಿನೊಳಗೆ ಉಳಿದವಳು ಪೂಜಾಶ್ರೀ ಒಬ್ಬಳೇ. “ಮಾವ, ಇವರೆಲ್ಲ ಎಲ್ಲಿಗೆ ಹೋಗುದು?” ಎಂದು ಚಿಪ್ಸ್ ಜಗಿಯುತ್ತಾ ಕೇಳಿದಳು.

ನಿಯಾಸನ ಮುಖ ಮೆಲ್ಲಮೆಲ್ಲಗೆ ಅರಳಿತು. “ಸುಜನ್, ನೀನು ಸೋತೆ. ಭರ್ತಿ ಜನ ಅಂತ ಮಾತು. ಜನ ಇಳಿದಾಯ್ತು.”

“ನೀನೂ ಇಳಿದಿದ್ದಿ.”

“ನೀನು ಇಳಿದದ್ದು ನೋಡಿ ನಾನು ಇಳಿದದ್ದು. ನಾನು ನಡುವೆ ಇದ್ದವ. ಮೊದ್ಲು ಬಾಗಿಲು ತೆಗೆದದ್ದು ಯಾರು?”

ಸುಜನ್ ತನ್ನ ಕೈ ನೋಡಿಕೊಂಡ. ಅವನ ಎರಡೂ ಅಂಗೈ ಇನ್ನೂ ಡಿಕ್ಕಿಯ ಮೇಲೆಯೇ ಇದ್ದವು. ಕಾರು ಹಾರುತ್ತದೆ ಎಂದವನು, ಅದು ಒಂದು ಗಳಿಗೆ ಸುಮ್ಮನಾದದ್ದಕ್ಕೆ ಎಲ್ಲರಿಗಿಂತ ಮೊದಲು ಇಳಿದು ನೂಕಲು ನಿಂತಿದ್ದ.

ಕೋಯಾಕ ಗಡ್ಡ ನೀವಿ ತೀರ್ಪು ಕೊಟ್ಟರು. “ಜಗಳ ಬೇಡ. ಎಲ್ಲರೂ ಹತ್ತಿ ಕೂತ್ಕೊಳ್ಳಿ. ಇಲ್ಲಿಂದಲೇ ಹೋಗ್ಲಿ ನೋಡುವ. ನಿಂತಲ್ಲಿಂದ, ಭರ್ತಿ ಜನ ಕೂರಿಸಿಕೊಂಡು ಈ ತಿರುವು ಬಿಟ್ಟು ಹೋದ ಗಾಡಿ ನಾನು ನೋಡಿದ್ದಿಲ್ಲ.”

ಎಲ್ಲರೂ ಹತ್ತಿದರು. ಅಜ್ಜ ಮಾತ್ರ ಸ್ವಲ್ಪ ಹೊತ್ತು ಹೊರಗೆ ನಿಂತು ಚಡಾವನ್ನು ನೋಡಿ, ಆಮೇಲೆ ಹತ್ತಿದರು.

“ಕಲ್ಲು ತೆಗೀಲಾ, ಬೇಡ್ವಾ?” ಲೋಲಾಕ್ಷಿ ಅಕ್ಕ ಕೇಳಿದರು.

“ತೆಗೀರಿ ಅಕ್ಕ” ಎಂದರು ಮಾವ.

“ನನಗೆ ಗೊತ್ತಿಲ್ಲ ಆಯ್ತಾ. ಹಿಂದೆ ಇರುದು ನನ್ನ ಬಸಳೆ ಚಪ್ಪರ.”

ಮಾವ ಆಕ್ಸಿಲರೇಟರ್ ಒತ್ತಿದರು. ಕೋಯಾಕ ರೂಢಿಯಂತೆ ಗಡ್ಡ ನೀವಲು ಕೈ ಎತ್ತಿದರು. ಕೈ ಗಡ್ಡ ಮುಟ್ಟುವ ಮೊದಲೇ ತಿರುವು ಹಿಂದೆ ಉಳಿದಿತ್ತು.

ಸುಜನ್ ಕಿಟಕಿಯಿಂದ ನೋಡಿದ. ಇಲ್ಲಿ ರಸ್ತೆಯ ಬದಿಗೆ ಒಂದು ದೊಡ್ಡ ಗೇರುಮರ ಇತ್ತು. ಅದು ಅವನಿಗೆ ಗೊತ್ತೇ ಇರಲಿಲ್ಲ. ಚಡಾವಿನ ಈ ಭಾಗದಲ್ಲಿ ಅವನು ದಿನಾ ನೂಕುತ್ತಾ ಕಂಡದ್ದು ಜೀಪಿನ ಹಿಂದಿನ ನಂಬರ್ ಪ್ಲೇಟ್ ಒಂದೇ.

ಮರ ದಾಟಿತು. ಬಂಡೆ ದಾಟಿತು. ಎಸಿ ತಣ್ಣಗೆ ಬೀಸುತ್ತಲೇ ಇತ್ತು. ಕಾರು ತುದಿಗೆ ಬಂದು ಅಂಗಡಿಯ ಎದುರು ನಿಂತಿತು.

“ಇಷ್ಟೇಯಾ?” ಎಂದ ನಿಯಾಸ್. ಸೋತದ್ದಕ್ಕಿಂತ ಅದೇ ಅವನಿಗೆ ಹೆಚ್ಚು ಬೇಸರ ತಂದಂತಿತ್ತು.

ಐದನೇ ಕ್ಲಾಸು ಕಿಟಕಿಗೆ ಮುತ್ತಿತು. “ಹೇಗಿತ್ತು ಸುಜನ್? ಹಾರಿತಾ? ಎಂತ ಆಯ್ತು ಹೇಳು.”

ಸುಜನ್ ಯೋಚಿಸಿದ. ಸಿಳ್ಳೆ ಇಲ್ಲ, ಮಸಿ ಇಲ್ಲ, ಗುದ್ದು ಇಲ್ಲ. ಉಪ್ಪು ಖಾರ ಹಾಕಲು ಒಂದು ಚೂರೂ ಇಲ್ಲ.

“ಕೂತ್ಕೊಂಡೇ ಬಂದೆವು” ಎಂದ.

ನಿಯಾಸ್ ಇಳಿದು, ಮಾತು ಕೊಟ್ಟಂತೆ ಕಾರಿನ ಎದುರು ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದ. ಮಕ್ಕಳು ಕೂಗಾಡಿದರು. “ಇಳಿ ಮಾರಾಯ, ನೀನು ಗೆದ್ದದ್ದು” ಎಂದು ಯಾರೋ ಕಿಟಕಿ ಬಡಿದರು.

ಸುಜನ್ ಕೂಡಲೇ ಇಳಿಯಲಿಲ್ಲ. ನೂಕಲು ಇಳಿಯಬೇಕಾದೀತೆಂದು ತಿರುವಿನಿಂದ ಇಲ್ಲಿಯವರೆಗೂ ಅವನ ಕೈ ಬಾಗಿಲಿನ ಹಿಡಿಯನ್ನು ಬಿಗಿಯಾಗಿ ಹಿಡಿದೇ ಇತ್ತು. ಬೆರಳುಗಳನ್ನು ಒಂದೊಂದಾಗಿ ಸಡಿಲಿಸಿದ.

ಎದುರಿನ ಸೀಟಿನಲ್ಲಿ ಅಜ್ಜನೂ ತಮ್ಮ ಕೈಯನ್ನು ಬಾಗಿಲಿನಿಂದ ಮೆಲ್ಲಗೆ ತೆಗೆಯುತ್ತಿದ್ದರು. ಕನ್ನಡಿಯಲ್ಲಿ ಇಬ್ಬರ ಕಣ್ಣೂ ಕೂಡಿದವು. ಇಬ್ಬರೂ ಬೇಗನೆ ಹೊರಗೆ ನೋಡತೊಡಗಿದರು.