ಬೆಟ್ಟಕ್ಕೆ ಬಡಿದ ವಿಮಾನದ ಸೇಡು

ಬಾಗಿಲು ತೆರೆಯಿತು. ಎದುರಿಗೆ ಅವನೇ!

ಪರದೆಯ ಮೇಲೆ ಎಷ್ಟೋ ಸಲ ನೋಡಿದ್ದ ಅದೇ ಮುಖ. ಮಾತಿಗಿಂತ ಮೊದಲೇ ನಗುವ ಅದೇ ಕಣ್ಣುಗಳು. ಅವಳ ದವಡೆ ತಾನಾಗಿಯೇ ಬಿಗಿಯಿತು.

"ಬನ್ನಿ ಮೇಡಂ. ಜಿಪಿಎಸ್ ಕಂಪನಿಯಿಂದ ಅಲ್ವಾ?"

"ಹೌದು. ನಿಮ್ಮ ವಿಮಾನ ದಾರಿ ತಪ್ಪುತ್ತಂತಲ್ಲ. ನೋಡೋಣ ಅಂತ ಬಂದೆ."

'ಗುರುತೇ ಇಲ್ಲ! ನನ್ನ ಬದುಕಿಗೆ ಕೊಳ್ಳಿ ಇಟ್ಟವನಿಗೆ ನನ್ನ ಗುರುತೇ ಇಲ್ಲ!'

ವೃತ್ತಿಯಲ್ಲಿ ಅವನು ಹಲ್ಲಿನ ಡಾಕ್ಟರು. ಆದರೆ ಮನೆಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಹುಚ್ಚು ಹತ್ತಿದವರಿಗೆಲ್ಲ ಅವನು 'ಕ್ಯಾಪ್ಟನ್'. ನಿಜವಾದ ವಿಮಾನವನ್ನು ಒಂದಡಿಯೂ ಮೇಲೇರಿಸಿದವನಲ್ಲ. ಆದರೂ ವಿಡಿಯೋದಲ್ಲಿ ಅವನು ಹೇಳಿದ್ದೇ ವೇದವಾಕ್ಯ.

ಅಂಥವರ ಆಟದ ವಿಮಾನಗಳಿಗೆ ದಾರಿ ತೋರಿಸುವ ಜಿಪಿಎಸ್ ತಂತ್ರಾಂಶ ಅವಳ ಕೈಯ ಕೂಸು. ಲೋಕವೆಲ್ಲ ಬೇಡ, ಅವನೊಬ್ಬ ಮೆಚ್ಚಿದರೆ ಸಾಕು ಎಂದುಕೊಂಡಿದ್ದಳು. ಅವನ ದನಿ ಕೇಳುತ್ತಲೇ ಎಷ್ಟೋ ಸಂಜೆ ಕೆಲಸ ಮಾಡಿದ್ದಳು...

ಒಂದು ದಿನ ಅವನು ಅದನ್ನು ಹಾಕಿ ನೇರಪ್ರಸಾರದಲ್ಲಿ ಹಾರಾಟ ತೋರಿಸಿದ. ವಿಮಾನ ಹೋಗಿ ಬೆಟ್ಟಕ್ಕೆ ಬಡಿಯಿತು.

"ಇದನ್ನ ಮಾಡಿದವರಿಗೆ ತಮ್ಮ ಮನೆ ದಾರಿಯಾದ್ರೂ ಗೊತ್ತಿದೆಯಾ?" ಎಂದು ನಕ್ಕಿದ್ದ.

ಅಷ್ಟೇ ಸಾಕಾಯಿತು. ನೋಡುತ್ತಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಕಂಪನಿಯ ಯಜಮಾನರು ಅವಳನ್ನು ತಂತ್ರಾಂಶ ಬರೆಯುವ ಜಾಗದಿಂದ ಎಬ್ಬಿಸಿ ಸಹಾಯವಾಣಿಯಲ್ಲಿ ಕೂರಿಸಿದರು. "ಸಾರ್, ಒಮ್ಮೆ ಆಫ್ ಮಾಡಿ ಆನ್ ಮಾಡಿ" ಎನ್ನುವುದೇ ಅವಳ ಪಾಡಾಯಿತು.

ಇಂದು ಅದೇ ಯಜಮಾನರು ಹೇಳಿ ಕಳಿಸಿದ್ದರು: "ತಪ್ಪು ಅವನದು ಅಂತ ತೋರಿಸಿ ಬಾ. ನಿನ್ನ ಜಾಗ ನಿನಗೆ."

ಹಿಂದಿನ ಕೋಣೆಯಲ್ಲಿ ಮೂರು ಪರದೆ, ಹಲಗೆಯಲ್ಲಿ ಕಟ್ಟಿದ ಸ್ವಿಚ್ಚುಗಳ ಪ್ಯಾನೆಲ್, ಪೈಲಟ್ಟನ ಆಸನವಾಗಿ ಹಲ್ಲು ಕೀಳುವ ಹಳೆಯ ಕುರ್ಚಿ.

"ಕೂತ್ಕೊಳ್ಳಿ, ಬಾಯಿ ಮಾತ್ರ ತೆರೀಬೇಡಿ," ಎಂದ.

ನಗು ಬಂತು. ನುಂಗಿಕೊಂಡಳು.

"ಡಾಕ್ಟ್ರೇ, ಒಂದು ಷರತ್ತು. ನೇರಪ್ರಸಾರ ಹಾಕಿ. ಅವತ್ತು ನಕ್ಕವರೆಲ್ಲ ಇವತ್ತೂ ನೋಡಲಿ."

ಅವನು ಅವಳನ್ನು ದಿಟ್ಟಿಸಿದ. ಆಮೇಲೆ ಕ್ಯಾಮೆರಾದ ಗುಂಡಿ ಒತ್ತಿದ.

'ಬಾ ಮಗನೇ. ಊರೆದುರು ನಿನ್ನ ಸಿಪ್ಪೆ ಸುಲಿಯದಿದ್ದರೆ ಕೇಳು!'

ಅದೇ ದಾರಿ, ಅದೇ ವಿಮಾನ, ಅದನ್ನು ತಾನೇ ನಡೆಸುವ ಅದೇ ಆಟೋಪೈಲಟ್. ಜಿಪಿಎಸ್ ನಕ್ಷೆಯ ಮೇಲೆ ದಾರಿಯ ನೇರಳೆ ಗೆರೆ ಮೂಡಿತು. 'ಆಟೋಪೈಲಟ್ ಈ ದಾರಿಯಲ್ಲಿದೆ' ಎಂಬ ಹಸಿರು ಅಕ್ಷರ ಬೆಳಗಿತು. ಆದರೂ ವಿಮಾನ ಗೆರೆ ಬಿಟ್ಟು ಬೆಟ್ಟದ ಕಡೆಗೇ ಹೊರಳಿತು.

ಅವಳು ಗಾಬರಿಯಾಗಲಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದು ಅವಳ ನೇಮ. ನಕ್ಷೆ ಹೊಸದೇ? ಹೌದು. ಆಟದೊಳಗಿನ ಇನ್ನೊಂದು ಜಿಪಿಎಸ್ ಅಡ್ಡ ಬರುತ್ತಿದೆಯೇ? ಇಲ್ಲ.

"ಆಟೋಪೈಲಟ್ ಯಾರ ಮಾತು ಕೇಳಬೇಕು ಅಂತ ಹೇಳೋ ಸ್ವಿಚ್ ಎಲ್ಲಿ?"

"ಇದು. ಮೇಲಕ್ಕಿದ್ರೆ ಜಿಪಿಎಸ್, ಕೆಳಕ್ಕಿದ್ರೆ ನೆಲದಿಂದ ದಾರಿ ತೋರಿಸೋ ರೇಡಿಯೋ. ಮೇಲಕ್ಕೇ ಇದೆ ನೋಡಿ."

ಅವಳು ಪ್ಯಾನೆಲ್ ಮುಟ್ಟಲಿಲ್ಲ. ಪರದೆಯೊಳಗೆ ಚಿತ್ರದಲ್ಲಿರುವ ಅದೇ ಸ್ವಿಚ್ಚು ಕೆಳಕ್ಕಿತ್ತು; ಅದನ್ನು ಮೌಸಿನಿಂದ ಮೇಲಕ್ಕೆ ಒತ್ತಿದಳು. ವಿಮಾನ ಮೆಲ್ಲನೆ ರೆಕ್ಕೆ ವಾಲಿಸಿ, ಗೆರೆಯ ಮೇಲೆ ಬಂದು ಕೂತಿತು.

"ಈ ಪ್ಯಾನೆಲ್ ಕಟ್ಟಿದವರು ಯಾರು, ಕ್ಯಾಪ್ಟನ್ ಸಾಹೇಬ್ರೇ?"

"...ನಾನೇ. ಅವತ್ತಿನ ಪ್ರಸಾರಕ್ಕೆ ಅಂತಲೇ."

"ತಿರುಗಿಸಿ."

ತಿರುಗಿಸಿದ. ಎರಡು ತಂತಿಗಳು ಅದಲು ಬದಲು! ಮೇಲೆ 'ಜಿಪಿಎಸ್' ಎಂದು ಅಂದವಾಗಿ ಬರೆದ ಕಡೆಗೆ ರೇಡಿಯೋದ ತಂತಿ.

"ಹಲ್ಲಿನ ನರ ಹುಡುಕೋರಿಗೆ ಎರಡು ತಂತಿ ಗುರುತು ಸಿಗಲಿಲ್ವಾ? ನಿಮ್ಮ ಹತ್ರ ಹಲ್ಲು ಕೀಳಿಸ್ಕೊಂಡೋರು ಮನೆಗೆ ಹೋಗಿ ಒಮ್ಮೆ ಕನ್ನಡಿ ನೋಡ್ಕೊಳ್ಳೋದು ಒಳ್ಳೇದು. ನೋವಿದ್ದ ಹಲ್ಲೇ ಹೋಗಿದೆಯಾ ಅಂತ!"

ಚಹಾ ತಂದಿದ್ದ ಅವನ ತಾಯಿ ಬಾಗಿಲಲ್ಲೇ ಕಿಸಕ್ಕೆಂದರು. "ಸರಿಯಾಗಿ ಹೇಳಿದೆ ಕಣಮ್ಮ. ಮಿಕ್ಸಿ ರಿಪೇರಿ ಮಾಡ್ತೀನಿ ಅಂತ ಹೋಗಿ ಇಡೀ ಮನೆ ಕತ್ತಲೆ ಮಾಡಿದ್ದ."

ಪರದೆಯ ಬದಿಯಲ್ಲಿ ನೋಡುಗರು ಬರೆದ ನಗುವಿನ ಸುರಿಮಳೆ. ಆಹಾ, ಎಂಥ ರುಚಿ!

ಅವನು ಕ್ಯಾಮೆರಾ ನೋಡಿ ನಿಧಾನವಾಗಿ ಹೇಳಿದ. "ಅವತ್ತು ದಾರಿ ತಪ್ಪಿದ್ದು ನಾನು. ಬೈಸ್ಕೊಂಡಿದ್ದು ಇವರು. ಈ ಜಿಪಿಎಸ್ ಮಾಡಿದವರು ಇವರೇ."

ಅವಳು ಗಕ್ಕನೆ ಅವನತ್ತ ತಿರುಗಿದಳು. 'ಗೊತ್ತಿತ್ತಾ? ಮೊದಲಿಂದಲೂ ಗೊತ್ತಿತ್ತಾ?!'

ಅಷ್ಟರಲ್ಲಿ ಬದಿಯಲ್ಲಿ ಯಾರದೋ ಪ್ರಶ್ನೆ ಮೂಡಿತು. ಆಟೋಪೈಲಟ್ ರೇಡಿಯೋ ಮಾತು ಕೇಳ್ತಿದ್ದಾಗ, ಜಿಪಿಎಸ್ ಪರದೆಯಲ್ಲಿ 'ಈ ದಾರಿಯಲ್ಲಿದೆ' ಅಂತ ಹಸಿರು ಅಕ್ಷರ ಯಾಕೆ ಬಂತು?

ಅವಳ ಕಣ್ಣು ಹಸಿರು ಅಕ್ಷರದ ಕಡೆ ಹೊರಳಿತು.

ಯಾಕೆಂದರೆ... ದಾರಿ ಹಾಕಿದ ಕೂಡಲೇ ಆ ಅಕ್ಷರ ಬೆಳಗಲಿ ಎಂದು ಬರೆದವಳು ಅವಳೇ. ಆಟೋಪೈಲಟ್ಟನ್ನು ಕೇಳಿ ನೋಡು ಎಂದು ಬರೆದಿರಲಿಲ್ಲ. ಆ ಅಕ್ಷರ ಸುಳ್ಳು ಹೇಳಿತ್ತು. ಅದನ್ನು ನಂಬಿ ಅವನು ಬೆಟ್ಟದೊಳಕ್ಕೆ ಹೋಗಿದ್ದ!

ಅವನೂ ಓದಿದ್ದ. ಅರ್ಥವಾಗಿತ್ತು. ಅವಳ ಮುಖ ನೋಡಿದವನೇ, "ಇವತ್ತಿಗೆ ಇಷ್ಟು ಸಾಕು," ಎಂದು ಪ್ರಸಾರ ನಿಲ್ಲಿಸಿಬಿಟ್ಟ.

"ಯಾಕೆ ನಿಲ್ಲಿಸಿದ್ರಿ?"

"ನಿಮ್ಮ ಜಾಗ ನಿಮಗೆ ಸಿಗಲಿ ಅಂತ. ನೀವೇ ಬರಬೇಕು ಅಂತ ನಿಮ್ಮ ಯಜಮಾನರ ಹತ್ರ ಹಠ ಹಿಡಿದವನೇ ನಾನು. ನಿಮ್ಮನ್ನ ಸಹಾಯವಾಣಿಗೆ ಹಾಕಿದ್ದು ಕೇಳಿ ನಿದ್ದೆ ಬರಲಿಲ್ಲ. ಬೇರೆ ಜಿಪಿಎಸ್ ಹಾಕಿದ್ರೂ ವಿಮಾನ ಹಾಗೇ ತಿರುಗ್ತಿತ್ತು. ತಪ್ಪು ನನ್ನದೇ ಅಂತ ಆಗಲೇ ಅನ್ನಿಸ್ತು, ಎಲ್ಲಿ ಅಂತ ಮಾತ್ರ ಸಿಗಲಿಲ್ಲ."

"ಅದಕ್ಕೆ ಈಗ ನನಗೆ ದಾನ ಮಾಡ್ತೀರಾ?" ಅವಳ ಕಣ್ಣಲ್ಲಿ ನೀರು, ದನಿಯಲ್ಲಿ ಬೆಂಕಿ. "ನಿಮ್ಮ ಮೇಲೆ ಸೇಡು ತೀರಿಸ್ಕೊಳ್ಳೋಕೆ ಬಂದೋಳು ನಾನು. ನಿಮ್ಮ ದಯೆಯಲ್ಲಿ ಗೆದ್ದು ಹೋಗೋಕಲ್ಲ. ಹಾಕಿ ಕ್ಯಾಮೆರಾ!"

"ಕೆಲಸ ಹೋಗಬಹುದು..."

"ಹೋಗಲಿ. ಸುಳ್ಳು ಬೆಳಕು ತೋರಿಸೋ ಯಂತ್ರದ ಮೇಲೆ ನನ್ನ ಹೆಸರು ಬೇಡ."

ಅವಳೇ ಗುಂಡಿ ಒತ್ತಿದಳು. ಕ್ಯಾಮೆರಾ ನೋಡಿ, ಕಟಕಟೆಯಲ್ಲಿ ನಿಂತವಳಂತೆ ಹೇಳಿದಳು. "ತಂತಿಯ ತಪ್ಪು ಡಾಕ್ಟರದು. ಹಸಿರು ಅಕ್ಷರದ ತಪ್ಪು ನನ್ನದು. ಇವರ ತಪ್ಪನ್ನ ನನ್ನ ತಪ್ಪು ಮುಚ್ಚಿತ್ತು. ಅದನ್ನ ಸರಿ ಮಾಡೋದು ನನ್ನ ಹೊಣೆ."

ಈ ಸಲ ಬದಿಯಲ್ಲಿ ಯಾರೂ ನಗಲಿಲ್ಲ.

ಫೋನು ಗುಂಯ್ಗುಟ್ಟಿತು. ಯಜಮಾನರು!

"ನೋಡಿದೆ. ಬೈಯೋದನ್ನ ನಾಳೆಗೆ ಇಟ್ಕೊಂಡಿದೀನಿ," ಎಂದು ಗುಡುಗಿದರು. "ಬೆಳಗ್ಗೆ ಬಂದು ಆ ಅಕ್ಷರ ಸರಿ ಮಾಡು. ಇಲ್ಲಿ ಬೇರೆ ಯಾರಿಗೂ ಅದರ ತಲೆಬುಡ ತಿಳಿಯಲ್ಲ."

ಅವಳು ಫೋನಿಟ್ಟು ಹಳೆಯ ಕುರ್ಚಿಗೆ ಒರಗಿದಳು. ಇಷ್ಟು ಕಾಲ ಸಾಕಿಕೊಂಡ ಸಿಟ್ಟು ಎಲ್ಲಿಯೋ ಸೋರಿಹೋಗಿ, ಆ ಜಾಗ ಬಿಕೋ ಎನ್ನುತ್ತಿತ್ತು. ಅಲ್ಲಿ ಬೇರೇನೋ ಕೂರಲು ಹವಣಿಸುತ್ತಿತ್ತು. ಅವಳಿಗೆ ಭಯವಾಯಿತು.

"ಒಂದು ಮಾತು ಹೇಳ್ಲಾ?" ಅವನ ದನಿ ನಡುಗಿತು. ವಿಡಿಯೋದಲ್ಲಿ ಎಂದೂ ನಡುಗದ ದನಿ! "ಬರೋರು ಒಳಗೊಳಗೇ ಅಳ್ತಾ ಬರ್ತಾರೆ, ಕ್ಷಮೆ ಕೇಳಿ ಕಳಿಸಿಬಿಡೋಣ ಅಂತಿದ್ದೆ. ನೀವು ಬೆಂಕಿ ಹಾಗೆ ಬಂದ್ರಿ. ಗೆದ್ದಿದ್ದನ್ನೂ ನನ್ನ ಕಣ್ಣೆದುರೇ ಬಿಟ್ಟುಕೊಟ್ರಿ. ಈಗ ನಿಮ್ಮನ್ನ ಕಳಿಸೋಕೆ ಮನಸ್ಸೇ ಬರ್ತಿಲ್ಲ. ನೀವು ಅಂದ್ರೆ... ನಂಗಿಷ್ಟ."

ಅವಳು ತಲೆ ಎತ್ತಲಿಲ್ಲ. ಕೆನ್ನೆ ಮಾತ್ರ ಕೆಂಪಾಯಿತು.

ಒಳಗಿನಿಂದ ತಾಯಿಯ ಕೂಗು. "ಊಟಕ್ಕೆ ಎಷ್ಟು ತಟ್ಟೆ ಹಾಕ್ಲೋ?"

ಅವನು ಅವಳನ್ನೇ ನೋಡಿದ. "ನನ್ನ ಮೇಲೆ ಇನ್ನೂ ಸಿಟ್ಟಿದೆಯಾ?"

"ಇದೆ."

"ಎಷ್ಟು?"

"ಊಟಕ್ಕೆ ನಿಲ್ಲೋವಷ್ಟು."