ಕಿರುಚುವ ಪೆಟ್ಟಿಗೆಯ ಅಪಹರಣ

ಇದು ನಡೆದದ್ದೇ. ನಂಬಿಕೆ ಬಾರದವರು ಕಡಲ ತಡಿಯ ನಮ್ಮ ಕೋಡಿಗೆ ಬಂದು ಕಿವಿ ಕೊಡಬಹುದು. ಕೊಟ್ಟ ಕಿವಿ ವಾಪಸು ಸಿಗುವ ಖಾತರಿ ಮಾತ್ರ ಇಲ್ಲ.

ಭಾನುವಾರ ಬೆಳಿಗ್ಗೆ ನಿತೇಶನ ಮನೆ ಪಕ್ಕದ ಬಲೆ ಇಡುವ ಶೆಡ್ಡಿನ ಬಾಗಿಲು ತೆರೆದ ಅನಿಷಾ ಹೊಸ್ತಿಲಲ್ಲೇ ನಿಂತಳು. ಡ್ರಮ್ ಇತ್ತು. ಗಿಟಾರುಗಳಿದ್ದವು. ಪೆಟ್ಟಿಗೆ ಇರಲಿಲ್ಲ.

ದೋಣಿಯ ಹಳೇ ವಯರ್‌ಲೆಸ್ ಸೆಟ್ ಬಿಚ್ಚಿ ನಿತೇಶ್ ಮಾಡಿದ ಪೆಟ್ಟಿಗೆ ಅದು. ಗಿಟಾರನ್ನು ಅದಕ್ಕೆ ಸಿಕ್ಕಿಸಿದರೆ ಸ್ವರ ಹರಿದು ಚಿಂದಿಯಾಗಿ ಕಿರುಚುತ್ತಿತ್ತು. ಆ ಕಿರುಚಾಟವೇ 'ಮೀನ್ಮುಳ್ಳು' ತಂಡದ ಸಂಗೀತ. ಡ್ರಮ್ಮಿಗೆ ಅನಿಷಾ, ಗಿಟಾರಿಗೆ ಸುಶಾಂತ್, ಬೇಸ್ ಗಿಟಾರಿಗೆ ನಿತೇಶ್. ಕೇಳಿದವರ ಗಂಟಲಿಗೆ ಸಿಕ್ಕಿಕೊಳ್ಳಬೇಕೆಂಬುದೇ ಧ್ಯೇಯ. ಮೊದಲ ಪ್ರದರ್ಶನ ಅವತ್ತೇ ಸಂಜೆ, ಬೈಂದೂರಿನಲ್ಲಿ. ಪೆಟ್ಟಿಗೆ ಇಲ್ಲವೆಂದರೆ ಪ್ರದರ್ಶನವೂ ಇಲ್ಲ.

ಮೂವರೂ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರು. ಬಲೆ ಇದ್ದಲ್ಲಿಗೆ ಚಪ್ಪಲಿ ಇಲ್ಲ. ಅದು ನಿತೇಶನ ಮನೆಯ ಕಟ್ಟಳೆ.

"ಬೀಗ ಒಡಿಲಿಲ್ಲ," ಎಂದ ಸುಶಾಂತ್.

"ಕೀಲಿ ಹೆಂಚಿನ ಅಡಿ ಇಪ್ಪುದ್ ಊರಿಗೇ ಗೊತ್ತಿತ್ತ್," ಎಂದ ನಿತೇಶ್.

ಅನಿಷಾ ವಕೀಲರ ಆಫೀಸಿನಲ್ಲಿ ಜೂನಿಯರ್. ಅಳುವ ಮೊದಲು ಫೋಟೋ ತೆಗೆಯುವುದು ಅಭ್ಯಾಸ. ಮೇಜಿನ ಮೇಲಿದ್ದ ಕೇರಂ ಪೌಡರಿನ ಡಬ್ಬಿ ಉರುಳಿ ನೆಲವೆಲ್ಲ ಬಿಳಿಯಾಗಿತ್ತು. ಅದರ ಮೇಲೆ ಒಂದು ಸಣ್ಣ ಪಾದದ ಗುರುತು, ಬೆರಳುಗಳ ಸಮೇತ. ಹೊರಗೆ ಮಳೆ ತೊಳೆದ ಮರಳಿನಲ್ಲಿ ಇವರದ್ದಲ್ಲದ ಒಂದು ಚಪ್ಪಲಿ ಗುರುತು ಹೊಸ್ತಿಲವರೆಗೆ ಬಂದಿತ್ತು. ಎರಡನ್ನೂ ಹಿಡಿದಿಟ್ಟಳು.

ಸುಶಾಂತನ ಫೋನು ಬಡಿದುಕೊಂಡಿತು. ಗೊತ್ತಿಲ್ಲದ ನಂಬರು.

"ಪೆಟ್ಟಿಗೆ ನನ್ ಕೈಯಂಗಿತ್ತ್, ಹಾಂ. ಪೊಲೀಸಿಗೆ ಹೇಳ್ರೆ ಸಮುದ್ರಕ್ಕೆ ಬಿಸಾಕುದೇ, ಹಾಂ."

ಮೂವರಿಗೂ ಗುರುತು ಸಿಕ್ಕಿತು. ಬ್ರಹ್ಮಾವರದ ಸೌಂಡ್ಸ್ ಅಂಗಡಿಯ ಮಾಲೀಕ ಗುಣಪಾಲ. ಮಾತಿಗೊಂದು 'ಹಾಂ'. ಹೋದ ತಿಂಗಳು ಅಭ್ಯಾಸಕ್ಕೆ ತಂದ ಅವನ ಬಾಡಿಗೆ ಸ್ಪೀಕರ್ ಹರಿದದ್ದು ಇವರೇ.

* * *

ಬ್ರಹ್ಮಾವರಕ್ಕೆ ಹೋದರೆ, ಗುಣಪಾಲ ಮನೆಯ ಜಗಲಿಯಲ್ಲಿ ಕೂತಿದ್ದ. ಒಂದು ಕೆನ್ನೆ ಊದಿತ್ತು. ಬಾಯಿ ತುಂಬ ಹತ್ತಿ.

"ನಿನ್ನೆ ದವಡೆ ಹಲ್ ಕೀಳ್ಸಿದ್," ಎಂದಳು ಅವನ ಹೆಂಡತಿ ವನಜ. "ಅಲ್ಲಿಂದ ಮನೆ ತಣ್ಣಗಿತ್ತ್."

ಅಷ್ಟರಲ್ಲಿ ಫೋನು. ಸುಶಾಂತ್ ಸ್ಪೀಕರಿಗೆ ಹಾಕಿದ.

"ಸಂಜೆ ವ್ಯಾನಂಗೆ ಮುಂದಿನ ಸೀಟ್ ಖಾಲಿ ಬಿಡ್ಕ್, ಹಾಂ. ಹಂಗಾರೆ ಪೆಟ್ಟಿಗೆ ವಾಪಸ್."

ಗುಣಪಾಲ ತನ್ನದೇ ಸ್ವರ ಕೇಳಿ, ಊದಿದ ಕೆನ್ನೆಯನ್ನು ಮುಟ್ಟಿ ನೋಡಿಕೊಂಡ.

ಹಿಂದಿರುಗುವಾಗ ಕಾರು ಓಡಿಸುತ್ತಿದ್ದವನು ಸುಶಾಂತ್. ಹೆದ್ದಾರಿಗೆ ಬಂದದ್ದೇ ಬಾಯಿಬಿಟ್ಟ.

"ವಾರದಿಂದ ಈ ಕಾರ್ಯಕ್ರಮಕ್ಕೆ ನೀ ಹೆದರ್ತಾ ಇದ್ದೆ, ನಿತೇಶಾ. ನಿನ್ ದೋಸ್ತರ ಹತ್ರ ಫೋನ್ ಮಾಡ್ಸ್ತಿದ್ಯಾ?"

"ಕಾರ್ ನಿಲ್ಸ್."

"ಪೆಟ್ಟಿಗೆ ಸಿಕ್ರೂ ನಿನ್ನೊಟ್ಟಿಗೆ ನಾ ಬಾರ್ಸುದಿಲ್ಲ."

"ನಿಲ್ಸ್ ಅಂದೆ."

ಎರಡು ವರ್ಷದ ತಂಡ ಹೆದ್ದಾರಿಯ ಬದಿಯಲ್ಲಿ ಬಿರಿಯುತ್ತಿತ್ತು. ಅನಿಷಾ ಮೊಬೈಲಿನ ಫೋಟೋವನ್ನೇ ದಿಟ್ಟಿಸಿದಳು. ಹೊರಗೆ ಚಪ್ಪಲಿ, ಒಳಗೆ ಬರಿಗಾಲು.

"ಇಬ್ರೂ ಬಾಯಿ ಮುಚ್ಚಿ. ಕೋಡಿಗೆ ಹೋಪ."

* * *

ನಿತೇಶನ ತಾಯಿ ಗುಲಾಬಿ ಹಿತ್ತಿಲಲ್ಲಿ ಮೀನು ಹಸನು ಮಾಡುತ್ತಿದ್ದಳು.

"ಗುಲಾಬಕ್ಕ, ಪೆಟ್ಟಿಗೆ ಕೊಡಿ," ಎಂದಳು ಅನಿಷಾ.

"ಯಾವ್ ಪೆಟ್ಟಿಗೆ, ಹೆಣೆ?"

"ಕದಿಯುಕೆ ಬಂದವ್ರ್ ಚಪ್ಲಿ ಬಿಟ್ಟ್ ಒಳಗೆ ಬತ್ರಾ? ಬಲೆ ಇತ್ತ್ ಅಂದೇಳಿ ಬಿಡುದ್ ನಾವ್ ಮೂವರ್, ಮತ್ತೆ ಈ ಮನೆಯವ್ರ್. ಎರಡನೇ ಫೋನ್ ಬಪ್ಪತಿಗೆ ನಾವ್ ಮೂರೂ ಜನ ಗುಣಪಾಲಣ್ಣನ ಜಗಲಿಯಲ್ಲಿದ್ದಿತ್. ನಿಮ್ಮ ಯಜಮಾನ್ರ್ ಕಡಲಂಗಿದ್ರ್. ಪಾದ ಸಣ್ಣದ್. ಮತ್ತೆ, ಹೆದರ್ಸುವವ್ರ್ ದುಡ್ಡ್ ಕೇಂತ್ರ್. ಸೀಟ್ ಕೇಂಬುದ್ ಒಟ್ಟಿಗೆ ಬಪ್ಪುಕೆ ಆಸೆ ಇದ್ದವ್ರ್."

ಗುಲಾಬಿ ಕೈ ತೊಳೆದಳು. ಮೀನಿನ ಬುಟ್ಟಿ ಸರಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ಪೆಟ್ಟಿಗೆ ತೆಗೆದಳು.

"ಗುಣಪಾಲ ವಾರ ವಾರ ನನ್ನತ್ರ ಬಂಗ್ಡೆಗೆ ಚರ್ಚೆ ಮಾಡ್ತ. ಅವ್ನ ಸ್ವರ ನಂಗೆ ಬಾಯಿಪಾಠ. ಫೋನ್ ಪಕ್ಕದ್ಮನೆ ಜಲಜಂದ್." ಮಗನ ಕಡೆ ತಿರುಗಿದಳು. "ಬೈಂದೂರಂಗೆ ನಿನ್ ಕಾರ್ಯಕ್ರಮ ಅಂದೇಳಿ ಜಲಜ ಹೇಳುಕಾಯ್ತ್. ಮೀನ್ ಮಾರುವ ಅಮ್ಮ ಬಂದ್ರೆ ವಾಸ್ನಿಯಾ?"

ನಿತೇಶ್ ತಲೆ ತಗ್ಗಿಸಿದ. "ವಾಸ್ನಿ ಅಲ್ಲ. ನಮ್ಮ ಗಲಾಟೆ ಕೇಂಡ್ ನೀ ನೆಗಾಡ್ತೆ ಅಂದೇಳಿ ಹೆದ್ರಿಕೆ."

"ಎರಡ್ ವರ್ಷದಿಂದ ಗೋಡೆ ಆಚೆ ಕೇಂತಿದ್ದೆ. ನೆಗಾಡಿದ್ನಾ?"

ಸುಶಾಂತ್ ನಿತೇಶನ ಹೆಗಲ ಮೇಲೆ ಕೈಯಿಟ್ಟ. "ತಪ್ಪಾಯ್ತ್ ಮಾರಾಯ."

ನಿತೇಶ್ ಆ ಕೈ ಸರಿಸಲಿಲ್ಲ.

ಗುಲಾಬಿ ಸೆರಗು ಸರಿಮಾಡಿಕೊಂಡು, ಕತ್ತು ಒಂದು ಕಡೆ ವಾಲಿಸಿ, ಮಗ ಸುಳ್ಳು ಹೇಳುವಾಗಿನ ಹಾಗೆಯೇ ಕಿವಿ ತುರಿಸಿಕೊಂಡಳು. ಬಾಯಿಯಿಂದ ಬಂದದ್ದು ಅಪ್ಪಟ ನಿತೇಶನ ಸ್ವರ: "ಕಾಲೇಜಿನ ಹಳೇ ಮಕ್ಳ ಮೀಟಿಂಗ್ ಅಮ್ಮ. ಭಾಷಣ ಮಾತ್ರ. ನಿಂಗೆ ಬೇಜಾರ್ ಆತ್ತ್. ಬ್ಯಾಡ, ಹೊದ್ಕಂಡ್ ಮನಿಕೋ."

ಸುಶಾಂತ್ ಬಾಯಿಗೆ ಕೈ ಅಡ್ಡ ಹಿಡಿದ. ಅನಿಷಾ ಗೋಡೆಗೆ ಒರಗಿದಳು. ನಿತೇಶ್ ಹಿತ್ತಿಲ ಮೆಟ್ಟಿಲ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಷ್ಟು, ಪಕ್ಕದ ಮನೆಯ ಜಲಜ ಇಣುಕುವಷ್ಟು, ಎಲ್ಲರಿಗಿಂತ ಜೋರಾಗಿ ನಕ್ಕ.