ಪಾಗಾರ ಹಾರಿದ ಕೋಳಿಗಳು

“ನನ್ನ ಕೋಳಿಗಳಿಗೆ ಎಂತ ಮಾಡಿದ್ದು ನೀನು, ಸೆಲೀನ್?”

ಎರಡು ಮನೆಗಳ ನಡುವಿನ ಪಾಗಾರದ ಆಚೆ ನಿಂತು ಹೆರಾಲ್ಡ್ ಕೇಳಿದ. ಸೆಲೀನ್ ತಲೆ ಎತ್ತಲಿಲ್ಲ. ಕತ್ತಿಯಿಂದ ಸಿಹಿಗುಂಬಳವೊಂದನ್ನು ಹೋಳು ಮಾಡಿ ಅಂಗಳಕ್ಕೆ ಉರುಳಿಸಿದಳು. ಹೆರಾಲ್ಡನ ಕೋಳಿಗಳೆಲ್ಲ ಅವಳ ಕಾಲಬುಡದಲ್ಲಿ ಮುಗಿಬಿದ್ದವು. ಮೊದಲು ಬೀಜ, ಆಮೇಲೆ ತಿರುಳು.

“ಎಂತದೂ ಮಾಡಲಿಲ್ಲ. ಅವಕ್ಕೆ ಇಲ್ಲಿಯ ರುಚಿ ಹತ್ತಿದೆ, ಅಷ್ಟೆ.”

ಅವಳ ತುಟಿಯಂಚಿನಲ್ಲಿ ನಗುವಿತ್ತು. ಅದು ಒಳ್ಳೆಯ ನಗುವಲ್ಲವೆಂದು ಹೆರಾಲ್ಡನಿಗೆ ತಿಳಿಯಿತು. ಆದರೂ ನೋಡುತ್ತಲೇ ನಿಂತ.

ಕಾಪುವಿನಲ್ಲಿ ಇಬ್ಬರದೂ ಅಕ್ಕಪಕ್ಕದ ಮನೆ. ೨೦೦೨ರ ಈಸ್ಟರ್ ಕಳೆದ ಮೇಲೆ ಪಡುಬಿದ್ರಿಯ ಜೋಯ್‌ಸ್ಟನ್ ಮತ್ತು ಮನೆಯವರು ಸೆಲೀನಳನ್ನು ನೋಡಲು ಬಂದಿದ್ದರು. ದಾರಿ ಕೇಳಲು ಹೆರಾಲ್ಡನ ಗೇಟಿನ ಮುಂದೆ ನಿಂತವರು ಅಲ್ಲಿಂದಲೇ ಕಾರು ತಿರುಗಿಸಿದರು. “ಆ ಹುಡುಗಿ ಬೇರೆ ಯಾರನ್ನೋ ಪ್ರೀತಿಸುತ್ತಾಳೆ” ಎಂದು ಹೆರಾಲ್ಡ್ ಅವರಿಗೆ ಹೇಳಿದ್ದ. ಸಂಬಂಧ ತಂದಿದ್ದ ರೊಸಾರಿಯೊ ಮಾಮ ಇದನ್ನು ತಿಳಿಸಿದಾಗ ಪಪ್ಪ ಮಗಳನ್ನೇ ಅನುಮಾನಿಸಿದರು. ಇಗರ್ಜಿಯಲ್ಲಿ ಅವಳನ್ನು ಕಂಡೊಡನೆ ಹೆಂಗಸರ ಮಾತು ನಿಂತಿತು.

ಸೆಲೀನ್ ಅಳಲಿಲ್ಲ. ಹಿತ್ತಲಿನಲ್ಲಿ ಕುಂಬಳ ಬಳ್ಳಿ ತುಂಬ ಕಾಯಿ ಬಿಟ್ಟಿತ್ತು. ಹೆರಾಲ್ಡ್ ಮೊಟ್ಟೆ ಮಾರಿ ಬದುಕುವವನು. ಅವಳು ದಿನಾ ಬೆಳಿಗ್ಗೆ ಕುಂಬಳಕಾಯಿ ಒಡೆದು ಪಾಗಾರದ ಪಕ್ಕ ಇಡತೊಡಗಿದಳು. ಸ್ವಲ್ಪ ದಿನಗಳಲ್ಲೇ ಅವನ ಕೋಳಿಗಳು ಪಾಗಾರ ಹಾರಿ ಬಂದು ಅವಳ ಸೌದೆಕೊಟ್ಟಿಗೆಯಲ್ಲಿ ಮೊಟ್ಟೆ ಇಟ್ಟವು. ಸಿಪ್ಪೆಯ ಆಸೆಗೆ ಅವನ ಆಡು ಹಗ್ಗ ಕಿತ್ತುಕೊಂಡು ಬಂತು. ಕಡೆಗೆ ಹಂದಿಯೂ. ಆ ಮೊಟ್ಟೆಗಳನ್ನು ಅವಳು ಅವನದೇ ಗಿರಾಕಿಯಾದ ಕಾರ್ಕಳದ ಬೇಕರಿಗೆ ಕಳುಹಿಸಿದಳು. “ಒಳಗಿನ ಹಳದಿಗೆ ಎಂತ ಬಣ್ಣ ಉಂಟು ಮಾರಾಯ್ತಿ!” ಎಂದು ಬೇಕರಿಯವರು ಫೋನ್ ಮಾಡಿ ಹೊಗಳಿದರು.

“ಇವತ್ತು ಬೇಕರಿಯವರು ನನ್ನನ್ನು ಬೇಡ ಅಂದರು,” ಹೆರಾಲ್ಡ್ ಹೇಳಿದ.

“ನನ್ನನ್ನೂ ಬೇಡ ಅಂದವರುಂಟು.”

ಅವನ ಮುಖ ಬಿಳಿಚಿಕೊಂಡಿತು. “ಹೇಳಿದ್ದು ನಾನೇ ಅಂತ ನಿನಗೆ ಗೊತ್ತುಂಟಾ?”

“ಉಂಟು. ನಾನು ಯಾರನ್ನು ಪ್ರೀತಿಸುತ್ತೇನೆ ಅಂತ ಹೇಳಿದ್ದು?”

“ಹೆಸರು ಹೇಳಲಿಲ್ಲ.” ಅವನು ನೆಲ ನೋಡಿದ. “ನನ್ನ ಹೆಸರು ಹೇಳುವ ಧೈರ್ಯ ಬರಲಿಲ್ಲ.”

ಸೆಲೀನಳ ಕೈಯ ಕತ್ತಿ ಅರ್ಧಕ್ಕೆ ನಿಂತಿತು. ಸಿಟ್ಟು ಮಾತ್ರ ಇಳಿಯಲಿಲ್ಲ.

“ಸುಳ್ಳಿಗೆ ಧೈರ್ಯ ಇತ್ತಲ್ಲ? ಪಡುಬಿದ್ರಿಗೆ ಹೋಗಿ ಅವರನ್ನು ಕರೆದುಕೊಂಡು ಬಾ. ಪಪ್ಪನ ಎದುರು ನಿಜ ಹೇಳು.”

“ಆಮೇಲೆ ಅವರು ನಿನ್ನನ್ನು ಒಪ್ಪಿದರೆ?”

“ಒಪ್ಪಲಿ. ನೀನು ನೋಡುತ್ತಾ ನಿಲ್ಲಬೇಕು.”

ಭಾನುವಾರ ಅವನು ಅವರನ್ನು ಕರೆತಂದ. ಎಲ್ಲರೆದುರು ತಪ್ಪೊಪ್ಪಿಕೊಂಡ. ಪಪ್ಪ ಕೆನ್ನೆಗೆ ಬಾರಿಸಿದರು. ಸೆಲೀನ್ ತಡೆಯಲಿಲ್ಲ.

ಜೋಯ್‌ಸ್ಟನ್ ನಕ್ಕು, “ಹಾಗಾದರೆ ನಮ್ಮದು ಆಗಬಹುದು ಅಲ್ವಾ?” ಎಂದ.

“ಇಲ್ಲ. ಅವತ್ತು ನೀವು ಒಳಗೆ ಬಂದು ನನ್ನನ್ನು ಒಂದು ಮಾತೂ ಕೇಳಲಿಲ್ಲ.”

ಕಾರು ಹೊರಟುಹೋಯಿತು. ಹೆರಾಲ್ಡ್ ಅಂಗಳದ ಬಿಸಿಲಿನಲ್ಲೇ ಉಳಿದ.

“ಸೆಲೀನ್, ನಾನು...”

“ಮಾತಾಡಬೇಡ. ಅಲ್ಲೇ ನಿಂತಿರು.”

ಅವಳು ಒಳಗೆ ಹೋಗಿ ಪಪ್ಪನಿಗೆ ಬಡಿಸಿದಳು, ತಾನೂ ಉಂಡಳು. ಕಿಟಕಿಯಿಂದ ಇಣುಕಿದಾಗೆಲ್ಲ ಅವನು ನಿಂತಲ್ಲೇ ಇದ್ದ. ಅಂಗಿ ಬೆವರಿನಲ್ಲಿ ತೊಯ್ದು ಬೆನ್ನಿಗೆ ಅಂಟಿತ್ತು. ಪಾತ್ರೆ ತೊಳೆದಾದ ಮೇಲೆ ಹೊರಗೆ ಬಂದಳು.

“ಕೆನ್ನೆ ನೋಯುತ್ತದಾ?”

“ಹೂಂ.”

“ನೋಯಲಿ,” ಎಂದಳು. ನೀರು ತೊಟ್ಟಿಕ್ಕುತ್ತಿದ್ದ ತಣ್ಣನೆಯ ಅಂಗೈಯನ್ನು ಆ ಕೆನ್ನೆಯ ಮೇಲಿಟ್ಟಳು. ಪಪ್ಪ ಬಾಗಿಲಿಗೆ ಬಂದು ನಿಂತರೂ ತೆಗೆಯಲಿಲ್ಲ.